ಸಹಾಯ ಬೇಕು: ಮನೆಯಲ್ಲೇ ಮಾಡಿದ ಚೀಸ್ ಪ್ರೆಸ್ ವಾಲುತ್ತಿದೆ

ಮನೆ ಹಸುವಿನ 5 ಲೀಟರ್ ಹಾಲಿನಲ್ಲಿ ಗಟ್ಟಿ ಚೀಸ್ ಮಾಡಲು ಹೊರಟಿದ್ದೇನೆ. ಪನೀರಾದರೆ ಮೇಲೆ ರುಬ್ಬುಗುಂಡು ಇಟ್ಟರೆ ಸಾಕಿತ್ತು, ಇದಕ್ಕೆ ಸಾಲದು. ಅದಕ್ಕೇ ಹಳೆ ಹಲಸಿನ ಹಲಗೆಯಲ್ಲಿ ಚೀಸ್ ಒತ್ತುವ ಸನ್ನೆ (ಲಿವರ್) ಮಾಡಿಕೊಂಡೆ. ಕೀಲಿನಿಂದ ಅಚ್ಚಿಗೆ 10 ಸೆಂ.ಮೀ., ತೂಕಕ್ಕೆ 40. ಅಂದರೆ 5 ಕೆಜಿ ಕಲ್ಲು ನೇತುಹಾಕಿದರೆ 20 ಕೆಜಿ ಭಾರ, ಅಲ್ವಾ?

ತೊಂದರೆ ಏನೆಂದರೆ, ಚೀಸ್ ಕುಗ್ಗಿದಂತೆ ಸನ್ನೆ ಓರೆಯಾಗಿ ಅಚ್ಚಿನ ಒಳಮುಚ್ಚಳ ವಾಲುತ್ತದೆ. ನಿನ್ನೆಯದು ಒಂದು ಕಡೆ ಎರಡು ಬೆರಳು ದಪ್ಪ, ಇನ್ನೊಂದು ಕಡೆ ಒಂದೇ ಬೆರಳು. ಕುಯ್ದರೆ ದಪ್ಪ ಕಡೆಯಿಂದ ಇನ್ನೂ ನೀರು ಜಿನುಗುತ್ತಿತ್ತು. ಶುರುವಿಗೇ ಪೂರ್ತಿ ಭಾರ ಹಾಕಿದ್ದು ನನ್ನದೇ ತಪ್ಪು, ಮೇಲ್ಪದರ ಬಿಗಿದುಕೊಂಡುಬಿಟ್ಟಿತು.

ಸನ್ನೆ ಬಿಟ್ಟು ಎರಡು ಸ್ಟೀಲ್ ರಾಡ್, ಸ್ಪ್ರಿಂಗ್, ನಟ್ ಹಾಕಲಾ? ಮಾಡಿದವರಿದ್ದರೆ ಫೋಟೊ ಹಾಕಿ ಪ್ಲೀಸ್. ನಾಡಿದ್ದು ಮತ್ತೆ ಹಾಲು ಹೆಪ್ಪು ಹಾಕಬೇಕು.