ಬಜಪೆಯ ವರದಿಯಲ್ಲಿ ಪಡುಗಾಳಿ, ನಮ್ಮ ತಾರಸಿಯಲ್ಲಿ ಮೂಡುಗಾಳಿ: ತಪ್ಪು ಎಲ್ಲಿ?

ತಾರಸಿ ವೀಕ್ಷಕ

ಬಜಪೆ ಪೇಟೆಯಿಂದ ಸ್ವಲ್ಪ ಆಚೆ ನಮ್ಮ ಮನೆ. ವಿಮಾನಗಳ ಹುಚ್ಚು ಚಿಕ್ಕಂದಿನಿಂದಲೂ ಇದೆ. ಈ ವರ್ಷ ತಾರಸಿಯ ಮೇಲೆ ಹವಾಮಾನದ ಪೆಟ್ಟಿಗೆಯೊಂದನ್ನು ಕಟ್ಟಿಕೊಂಡೆ: ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ತಾಪ ಮತ್ತು ಒತ್ತಡಕ್ಕೆ ಬಿಎಂಪಿ280 ಸೆನ್ಸರ್, ಗಾಳಿಯ ವೇಗಕ್ಕೆ ತಿರುಗುವ ಬಟ್ಟಲುಗಳು, ದಿಕ್ಕಿಗೆ ಒಂದು ಬಾಣ. ಪೈಲಟ್‌ಗಳಿಗಾಗಿ ವಿಮಾನ ನಿಲ್ದಾಣ ಅರ್ಧ ಗಂಟೆಗೊಮ್ಮೆ ಕೊಡುವ ಮೆಟಾರ್ ವರದಿಯ ಪಕ್ಕದಲ್ಲಿ ನನ್ನ ಅಂಕಿಗಳನ್ನಿಟ್ಟು, ಗಂಟೆಗೆ ಗಂಟೆ ಹೊಂದಿಸಿ ನೋಡುತ್ತಿದ್ದೇನೆ. ಒಂದೂ ತಾಳೆಯಾಗುತ್ತಿಲ್ಲ.

ಫೆಬ್ರವರಿ 12ರ 9.30ರ ಸಾಲು ನೋಡಿ. ನನ್ನದು: ಗಾಳಿ 80 ಡಿಗ್ರಿಯಿಂದ (ಹೆಚ್ಚುಕಡಿಮೆ ಮೂಡಣದಿಂದ) 2 ನಾಟ್, ತಾಪ 26, ಒತ್ತಡ 1004 ಹೆಕ್ಟೊಪಾಸ್ಕಲ್. ನಿಲ್ದಾಣದ್ದು:

ವಿಒಎಂಎಲ್ 120930ಜೆಡ್ 28010ಕೆಟಿ 6000 32/22 ಕ್ಯು1010 ನೋಸಿಗ್

ಅಂದರೆ ನಮ್ಮ ನಿಲ್ದಾಣ (ವಿಒಎಂಎಲ್), ತಾರೀಖು 12, ಸಮಯ 9.30; ಗಾಳಿ 280 ಡಿಗ್ರಿಯಿಂದ, ಅಂದರೆ ಪಡುವಣದಿಂದ, 10 ನಾಟ್; ಕಣ್ಣು ಹಾಯುವ ದೂರ 6000 ಮೀಟರ್; ತಾಪ 32, ಇಬ್ಬನಿ ಬಿಂದು 22; ಒತ್ತಡ 1010; ನೋಸಿಗ್ ಎಂದರೆ ಸದ್ಯಕ್ಕೆ ದೊಡ್ಡ ಬದಲಾವಣೆ ಇಲ್ಲ.

ತಾಪ ಕಡಿಮೆ ಬಂದದ್ದು ಹಲಸಿನ ಮರದ ನೆರಳಿನಿಂದ ಎಂದುಕೊಂಡೆ. ಒತ್ತಡ ತಪ್ಪಿದ್ದು ಅಗ್ಗದ ಸೆನ್ಸರ್‌ನಿಂದ. ಗಾಳಿಯ ದಿಕ್ಕು ಹೆಚ್ಚುಕಡಿಮೆ ತಿರುವುಮುರುವಾಗಿದೆ, ಹಾಗಾಗಿ ಬಾಣವನ್ನು ಉಲ್ಟಾ ಕೂರಿಸಿರಬೇಕು. ಬಿಚ್ಚಿ ತಿರುಗಿಸಲೇ?

ಗುರುಪುರ ಹೊಳೆ

ಬಿಚ್ಚುವ ಮೊದಲು ಒತ್ತಡದ ಲೆಕ್ಕ ಮುಗಿಸಿ. ವರದಿಯ ಕ್ಯು ಎಂದರೆ ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ. ನಿಮ್ಮ ಸೆನ್ಸರ್ ತೋರಿಸುವುದು ತಾರಸಿಯ ಒತ್ತಡ. ನಮ್ಮ ಎತ್ತರಗಳಲ್ಲಿ ಸುಮಾರು ಎಂಟೂವರೆ ಮೀಟರ್ ಮೇಲೇರಿದರೆ ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ನಿಮ್ಮ ತಾರಸಿ ಎಷ್ಟು ಎತ್ತರದಲ್ಲಿದೆ?

ತಾರಸಿ ವೀಕ್ಷಕ

ಮೊಬೈಲಿನ ಪ್ರಕಾರ 84 ಮೀಟರ್. ಹಾಗಾದರೆ 10 ಕೂಡಿಸಬೇಕು, 1014 ಆಗುತ್ತದೆ. ಮೊದಲು 6 ಕಡಿಮೆ ಇತ್ತು, ಈಗ 4 ಹೆಚ್ಚಾಯಿತು! ಇದ್ದದ್ದೂ ಕೆಟ್ಟಿತಲ್ಲ.

ಗಾಳಿಪಟ

ಬಜಪೆಯ ಗಾಳಿಯೇ ಹಾಗೆ ಮಾರಾಯರೇ. ಗುಡ್ಡದ ನೆತ್ತಿಯ ಮೇಲಿನ ರನ್‌ವೇ, ಸುತ್ತ ಕಣಿವೆ, ಗಾಳಿ ಎಲ್ಲಿಂದ ಎಲ್ಲಿಗೆ ಸುಳಿಯುತ್ತದೆ ಎಂದು ಹೇಳಲಾಗದು. 2010ರ ವಿಮಾನ ಅಪಘಾತ ಮರೆತಿರಾ?

ಗುರುಪುರ ಹೊಳೆ

ಅದನ್ನು ಇಲ್ಲಿಗೆ ಎಳೆದು ತರಬೇಡಿ. 2010ರ ಮೇ 22ರ ಬೆಳಿಗ್ಗೆ ಗಾಳಿ ಶಾಂತವಾಗಿತ್ತು, 6 ಕಿಲೋಮೀಟರ್ ದೂರದವರೆಗೆ ಕಣ್ಣು ಹಾಯುತ್ತಿತ್ತು. ಸರಿಯಾಗಿ ಹೊಂದಿಕೊಳ್ಳದ ಇಳಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರದೆ ಮುಂದುವರಿಸಿದ್ದೇ ಕಾರಣವೆಂದು ತನಿಖೆ ಹೇಳಿತು. ಗಾಳಿಯ ಮೇಲೆ ಗೂಬೆ ಕೂರಿಸುವುದು ಸುಲಭ, ಅಷ್ಟೇ.

ಪಡ್ಡಾಯಿ

ಬಾಣ ಮುಟ್ಟಬೇಡಿ! ಹಲಸಿನ ಮರಕ್ಕೂ ಸೆನ್ಸರ್‌ಗೂ ಕ್ಷಮೆ ಕೇಳಿ.

ಆ ಸಾಲನ್ನು ಇನ್ನೊಮ್ಮೆ ಓದಿ. 120930ರ ಬಾಲದಲ್ಲಿ ಒಂದು ಜೆಡ್ ಇದೆ. ಅದು ಗ್ರೀನಿಚ್ ಸಮಯದ ಗುರುತು. ಜಗತ್ತಿನ ಯಾವ ಪೈಲಟ್ ಓದಿದರೂ ಗೊಂದಲವಾಗದಿರಲಿ ಎಂದು ವರದಿಗಳೆಲ್ಲ ಆ ಸಮಯದಲ್ಲೇ ಇರುತ್ತವೆ. ಐದೂವರೆ ಗಂಟೆ ಕೂಡಿಸಿ: ಮಧ್ಯಾಹ್ನ 3. ನೀವು ಬೆಳಗಿನ ತಿಂಡಿಯ ಹೊತ್ತಿನ ತಾರಸಿಯನ್ನು ಚಹಾದ ಹೊತ್ತಿನ ವಿಮಾನ ನಿಲ್ದಾಣದ ಪಕ್ಕದಲ್ಲಿಟ್ಟಿದ್ದೀರಿ.

ಕರಾವಳಿಯಲ್ಲಿ ಈ ತಿಂಗಳು ಬೆಳಿಗ್ಗೆ ನೆಲ ತಂಪು, ಗಾಳಿ ಘಟ್ಟದ ಕಡೆಯಿಂದ ಮೆಲ್ಲಗೆ ಕಡಲಿಗೆ ಇಳಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ನುಗ್ಗುತ್ತದೆ. ನಿಮ್ಮ 80, ಅವರ 280, ಎರಡೂ ಸರಿ. ಒತ್ತಡಕ್ಕೂ ದಿನಚರಿಯಿದೆ: ಬೆಳಿಗ್ಗೆ ಹತ್ತರ ಸುಮಾರಿಗೆ ಏರುತ್ತದೆ, ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ, ನಡುವೆ ಮೂರು ನಾಲ್ಕು ಹೆಕ್ಟೊಪಾಸ್ಕಲ್ ಅಂತರ. ನಿಮಗೆ ಹೆಚ್ಚಾಗಿ ಉಳಿದ 4 ಅದೇ.

ಇದನ್ನು ಫೆಬ್ರವರಿಯಲ್ಲಿ ನೋಡಿದ್ದು ನಿಮ್ಮ ಪುಣ್ಯ. ಜುಲೈ ತಿಂಗಳಾಗಿದ್ದರೆ ಹಗಲು ರಾತ್ರಿ ಪಡುಗಾಳಿಯೇ ಇರುತ್ತಿತ್ತು, ದಿಕ್ಕು ತಾಳೆಯಾದಂತೆ ಕಂಡು ತಪ್ಪು ಒಳಗೊಳಗೇ ಉಳಿಯುತ್ತಿತ್ತು.

ನಿಮಗಿದು ಹವ್ಯಾಸ, ಪೈಲಟ್‌ಗೆ ಹಾಗಲ್ಲ. ಒತ್ತಡದಿಂದಲೇ ಎತ್ತರ ಲೆಕ್ಕಹಾಕುವ ಎತ್ತರಮಾಪಕದಲ್ಲಿ ಬೆಳಗಿನ 1014 ಅನ್ನೇ ಉಳಿಸಿಕೊಂಡು 1010 ಇರುವ ಮಧ್ಯಾಹ್ನ ಇಳಿಯಲು ಬಂದರೆ, ಮುಳ್ಳು 110 ಅಡಿಯಷ್ಟು ಹೆಚ್ಚು ತೋರಿಸುತ್ತದೆ. ಅಂದರೆ ವಿಮಾನ ಅಷ್ಟು ತಗ್ಗಿನಲ್ಲಿದೆ. ಗಾಳಿಯೂ ಅಷ್ಟೇ. 280ರಿಂದ 10 ನಾಟ್ ಬೀಸುವಾಗ ರನ್‌ವೇ 24ಕ್ಕೆ, ಅಂದರೆ ಸುಮಾರು 240 ಡಿಗ್ರಿಯತ್ತ ಮುಖಮಾಡಿ, ಇಳಿದರೆ ಎದುರುಗಾಳಿ ಸುಮಾರು 8, ಅಡ್ಡಗಾಳಿ 6. ಅದೇ ಗಾಳಿಗೆ ಇನ್ನೊಂದು ತುದಿಯಿಂದ, 06ಕ್ಕೆ ಬಂದರೆ ಆ 8 ನಾಟ್ ಬೆನ್ನಿಗೆ ಬಂದು ನೂಕುತ್ತದೆ. 2,450 ಮೀಟರ್ ಉದ್ದದ, ತುದಿ ದಾಟಿದರೆ ಇಳಿಜಾರಿರುವ ರನ್‌ವೇಯಲ್ಲಿ ಆ ನೂಕು ಯಾರಿಗೂ ಬೇಡ.

ತಾರಸಿ ವೀಕ್ಷಕ

ತಲೆ ಚಚ್ಚಿಕೊಂಡೆ. ಜೆಡ್ ಅಕ್ಷರವನ್ನು ಸಾಲಿನ ಅಲಂಕಾರ ಎಂದುಕೊಂಡಿದ್ದೆ! 12ರ ಬೆಳಿಗ್ಗೆ 9.30ಕ್ಕೆ ಸರಿಯಾದ ವರದಿ ಹುಡುಕಿದೆ:

ವಿಒಎಂಎಲ್ 120400ಜೆಡ್ 07004ಕೆಟಿ 4000 ಎಚ್‌ಜೆಡ್ 27/20 ಕ್ಯು1014 ನೋಸಿಗ್

ಒತ್ತಡ ಅಂಕಿಗೆ ಅಂಕಿ ಕೂತಿತು. ತಾಪದಲ್ಲಿ ಒಂದೇ ಡಿಗ್ರಿ ವ್ಯತ್ಯಾಸ. ಎಚ್‌ಜೆಡ್ ಎಂದರೆ ಮಬ್ಬು ತಾನೇ? ಅವತ್ತು ಗುಡ್ಡದ ಅಂಚು ನಿಜಕ್ಕೂ ಮಸುಕಾಗಿತ್ತು.

ಆದರೆ ಹಾಳೆಯಲ್ಲಿ ಐದೂವರೆ ಗಂಟೆ ಕೂಡಿಸಿದ ಮೇಲೂ ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗಿನ ಸಾಲುಗಳು ಹೊಂದುತ್ತಿಲ್ಲ.

ಪಡ್ಡಾಯಿ

ತಾರೀಖನ್ನೂ ದಾಟಿಸಿದಿರಾ? 121900ಜೆಡ್ ನಮಗೆ 13ರ ರಾತ್ರಿ 12.30. ಮೊದಲ ಎರಡು ಅಂಕಿ ದಿನ, ಅದೂ ಗ್ರೀನಿಚ್‌ನದ್ದೇ. ಗಂಟೆ ಬೇರೆ, ದಿನ ಬೇರೆ ಮಾಡದೆ ಒಟ್ಟಿಗೇ ಕೂಡಿಸಿ.

ತಾರಸಿ ವೀಕ್ಷಕ

ಸರಿಹೋಯಿತು. ಗಾಳಿಯ ವೇಗ ಮಾತ್ರ ಯಾವಾಗ ನೋಡಿದರೂ ನಿಲ್ದಾಣದ ಅರ್ಧದಷ್ಟೇ ಬರುತ್ತಿದೆ.

ಗುರುಪುರ ಹೊಳೆ

ನಿಲ್ದಾಣದವರು ಬಯಲಿನಲ್ಲಿ 10 ಮೀಟರ್ ಎತ್ತರದ ಕಂಬದ ಮೇಲೆ ಅಳೆದು, ಹತ್ತು ನಿಮಿಷದ ಸರಾಸರಿ ಕೊಡುತ್ತಾರೆ. ನಿಮ್ಮ ಬಟ್ಟಲುಗಳ ಸುತ್ತ ಏನಿದೆ?

ತಾರಸಿ ವೀಕ್ಷಕ

ಪಡುವಣಕ್ಕೆ ಐದು ತೆಂಗು, ಮೂಡಣಕ್ಕೆ ಆ ಹಲಸು. ಕಂಬದ ಪೈಪಿಗೆ ನಾಳೆ ಹೇಳುತ್ತೇನೆ. ಮರ ಕಡಿಯುವ ಸಲಹೆಯನ್ನು ದಯವಿಟ್ಟು ಯಾರೂ ಬರೆಯಬೇಡಿ, ಅಮ್ಮ ಇದನ್ನೆಲ್ಲ ಓದುತ್ತಾರೆ.