ಹೊಸ ಲ್ಯಾಪ್‌ಟಾಪ್‌ಗೆ ಡಿಸ್ಕ್ ರಿಪೇರಿ ಸಾಫ್ಟ್‌ವೇರ್ ಯಾವುದು ತಗೊಳ್ಳಲಿ?

ಡಿಟಿಪಿ ಅಕ್ಕ, ತಿಪಟೂರು

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನನ್ನದೊಂದು ಡಿಟಿಪಿ ಸೆಂಟರ್ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡ್, ಬಿಲ್ ಬುಕ್ ಡಿಸೈನ್ ಮಾಡಿಕೊಡುತ್ತೇನೆ. ಹಳೆಯ ಲ್ಯಾಪ್‌ಟಾಪ್ ತೀರಾ ನಿಧಾನ ಆಯ್ತು ಅಂತ ಹೊಸದು ತಂದಿದ್ದೇನೆ. ವಿಂಡೋಸ್ 11, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ.

ಹಳೆಯದರಲ್ಲಿ ಇದ್ದದ್ದು 1 ಟಿಬಿ ಹಾರ್ಡ್ ಡಿಸ್ಕ್. ರಾತ್ರಿ ಅಂಗಡಿ ಬಾಗಿಲು ಹಾಕುವಾಗ ಆಗಾಗ ಡಿಫ್ರಾಗ್ ಹಾಕುತ್ತಿದ್ದೆ. ಈಗ ಲ್ಯಾಪ್‌ಟಾಪ್ ಕೊಟ್ಟವರು, ಡಿಸ್ಕ್ ರಿಪೇರಿ, ಕ್ಲೀನರ್, ಡಿಲೀಟ್ ಆದ ಫೈಲ್ ರಿಕವರಿ ಮೂರೂ ಸೇರಿರುವ ಪ್ಯಾಕ್ ಹಾಕಿಸಿಕೊಳ್ಳಿ, ವರ್ಷವರ್ಷ ರಿನೀವಲ್ ಮಾಡಿಸಿ ಅನ್ನುತ್ತಿದ್ದಾರೆ. ಮದುವೆ ಸೀಸನ್‌ನಲ್ಲಿ ಫೈಲ್ ಹೋದರೆ ಗಿರಾಕಿಗೆ ಏನು ಹೇಳೋದು ಅನ್ನುವುದೇ ನನ್ನ ಭಯ. ದುಡ್ಡು ಕೊಡಲು ತಯಾರಿದ್ದೇನೆ. ಯಾವುದು ಒಳ್ಳೆಯದು?

ಬೈಟ್ ಬಳ್ಳಾರಿ

ಯಾವುದೂ ಬೇಡ ಮೇಡಂ. ವಿಂಡೋಸ್‌ನಲ್ಲೇ ಎಲ್ಲ ಇದೆ. ಡ್ರೈವನ್ನು ಸುಸ್ಥಿತಿಯಲ್ಲಿಡುವ ಆಪ್ಟಿಮೈಸ್ ಡ್ರೈವ್ಸ್ ವಾರಕ್ಕೊಮ್ಮೆ ತಾನೇ ನಡೆಯುತ್ತದೆ. ಸ್ಟೋರೇಜ್ ಸೆನ್ಸ್ ಆನ್ ಮಾಡಿಬಿಡಿ, ಕಸ ಗುಡಿಸುವುದನ್ನು ಅದೇ ನೋಡಿಕೊಳ್ಳುತ್ತದೆ.

ರಿಪೇರಿ ಟೇಬಲ್, ಹಾಸನ

ಅಕ್ಕ, ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಸ್ಟೋರೇಜ್ ಸೆನ್ಸ್‌ನಲ್ಲಿ ಡೌನ್‌ಲೋಡ್ಸ್ ಫೋಲ್ಡರ್‌ಗೆ ಬೇರೆ ಆಯ್ಕೆ ಇದೆ. ಅದು ‘ನೆವರ್’ ಅಂತಲೇ ಇರಲಿ. ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸುವ ಫೋಟೊ, ಮ್ಯಾಟರ್ ಎಲ್ಲ ಅಲ್ಲೇ ಬಂದು ಬೀಳುತ್ತವೆ, ಅಲ್ವಾ?

ನಾನು ಲ್ಯಾಪ್‌ಟಾಪ್ ಸರ್ವಿಸ್ ಮಾಡುವವನು. ಈ ಪ್ಯಾಕ್‌ಗಳನ್ನು ನಂಬಿ ಬ್ಯಾಕಪ್ ಇಲ್ಲದೆ ಬರುವವರನ್ನು ಕಂಡರೆ ಸಂಕಟವಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ‘ರಿಪೇರಿ’ ವಿಷಯ. ಸಾಫ್ಟ್‌ವೇರ್ ಸರಿಮಾಡುವುದು ಫೈಲ್ ಸಿಸ್ಟಮನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕವನ್ನು, ಡಿಸ್ಕನ್ನಲ್ಲ. ನೀವು ಪ್ರಿಂಟಿಂಗ್‌ನವರು, ಹೀಗೆ ಹೇಳಿದರೆ ತಿಳಿಯುತ್ತದೆ: ಪರಿವಿಡಿಯಲ್ಲಿ ಪುಟದ ನಂಬರ್ ತಪ್ಪಿದ್ದರೆ ತಿದ್ದಬಹುದು, ಪುಟವೇ ಹರಿದಿದ್ದರೆ ಪರಿವಿಡಿ ತಿದ್ದಿ ಏನೂ ಆಗುವುದಿಲ್ಲ. ಪರಿವಿಡಿ ತಿದ್ದುವ ಕೆಲಸಕ್ಕೆ ವಿಂಡೋಸ್‌ನ ಚೆಕ್ ಡಿಸ್ಕ್ ಸಾಕು. ನಿಮಗೆ ಅದು ಬೇಕಾಗುವುದು ಜಾಸ್ತಿ ಪೆನ್‌ಡ್ರೈವ್‌ಗಳಿಗೆ. ಗಿರಾಕಿಗಳು ಇಜೆಕ್ಟ್ ಮಾಡದೆ ಕಿತ್ತುಕೊಂಡು ಹೋಗುತ್ತಾರೆ, ಮುಂದಿನ ಸಲ ಹಾಕಿದಾಗ ‘ಸ್ಕ್ಯಾನ್ ಅಂಡ್ ಫಿಕ್ಸ್’ ಅಂತ ಕೇಳುತ್ತದೆ. ಅದೂ ಚೆಕ್ ಡಿಸ್ಕ್ ಮಾಡುವ ಕೆಲಸವೇ.

ಇನ್ನು ಡಿಫ್ರಾಗ್. ಹಾರ್ಡ್ ಡಿಸ್ಕ್‌ನಲ್ಲಿ ಓದುವ ಹೆಡ್ ಅತ್ತಿಂದಿತ್ತ ಓಡಾಡಬೇಕು, ಚೂರುಚೂರಾದ ಫೈಲನ್ನು ಒಂದೆಡೆ ಸೇರಿಸಿದರೆ ಬೇಗ ಓದುತ್ತದೆ. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಸುಮ್ನೆ ಬರೆದದ್ದನ್ನೇ ಮತ್ತೆ ಬರೆದು ಸವೆಸಿದಂತಾಗುತ್ತದೆ. ಅದಕ್ಕೆ ಬೇಕಾದದ್ದು ಟ್ರಿಮ್. ಯಾವ ಜಾಗ ಖಾಲಿಯಾಗಿದೆ ಅಂತ ವಿಂಡೋಸ್ ಡ್ರೈವ್‌ಗೆ ತಿಳಿಸುವ ಕ್ರಮ ಅದು. ಆಪ್ಟಿಮೈಸ್ ಡ್ರೈವ್ಸ್ ಇದನ್ನು ತಾನೇ ಮಾಡುತ್ತದೆ.

ಈ ಟ್ರಿಮ್ ಇರುವುದರಿಂದಲೇ ರಿಕವರಿ ಪ್ಯಾಕ್ ನಂಬಬೇಡಿ ಅನ್ನುವುದು. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಡಿಲೀಟ್ ಮಾಡಿದರೂ ಅದರ ಮೇಲೆ ಬೇರೆಯದು ಬರೆಯುವ ತನಕ ಡೇಟಾ ಉಳಿದಿರುತ್ತಿತ್ತು, ಹೆಕ್ಕಿ ತೆಗೆಯಬಹುದಿತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಆದ ಜಾಗವನ್ನು ಡ್ರೈವ್ ತಾನೇ ಖಾಲಿ ಮಾಡಿಕೊಳ್ಳುತ್ತದೆ. ರೀಸೈಕಲ್ ಬಿನ್‌ನಿಂದಲೂ ಹೋದ ಮೇಲೆ ಬಹಳಷ್ಟು ಸಲ ಯಾವ ಸಾಫ್ಟ್‌ವೇರ್‌ಗೂ ಸಿಗುವುದಿಲ್ಲ.

ಕ್ಲೀನರ್ ಕೂಡ ಬೇಡ. ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ, ಅದರ ಕ್ಲೀನರ್ ಬಳಸುವುದನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ. 2017ರಲ್ಲಿ ಸಿಕ್ಲೀನರ್ ಅನ್ನುವ ಹೆಸರಾದ ಕ್ಲೀನರ್‌ನ 5.33 ಆವೃತ್ತಿಯ ಅಧಿಕೃತ ಡೌನ್‌ಲೋಡ್‌ನಲ್ಲೇ ಹ್ಯಾಕರ್‌ಗಳು ಮಾಲ್‌ವೇರ್ ಸೇರಿಸಿದ್ದರು. ಇಂಥ ಸಾಫ್ಟ್‌ವೇರ್‌ಗೆ ಸಿಸ್ಟಮ್‌ನ ಒಳಗೆಲ್ಲ ಕೈಯಾಡಿಸುವ ಅನುಮತಿ ಕೊಟ್ಟಿರುತ್ತೇವೆ, ನೆನಪಿರಲಿ.

ಹಾಕಿಕೊಳ್ಳಲೇಬೇಕಾದದ್ದು ಒಂದೇ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ಉಚಿತ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಮಾಹಿತಿಯನ್ನು ತೋರಿಸುತ್ತದೆ. ನೀಲಿ ಇದ್ದರೆ ಸರಿ, ಹಳದಿ ಇದ್ದರೆ ಎಚ್ಚರ, ಕೆಂಪು ಇದ್ದರೆ ಕೆಟ್ಟಿದೆ ಅಂತ. ಎಸ್‌ಎಸ್‌ಡಿ ಸವೆಯುವ ಚಿಂತೆ ಜಾಸ್ತಿ ಬೇಡ. 300 ಟಿಬಿ ಬರೆಯುವ ತಾಳಿಕೆ ಇರುವ ಡ್ರೈವ್‌ಗೆ ದಿನಕ್ಕೆ 20 ಜಿಬಿ ಬರೆದರೂ 40 ವರ್ಷದ ಲೆಕ್ಕ ಬರುತ್ತದೆ. ಆದರೆ ಎಸ್‌ಎಸ್‌ಡಿ ಯಾವ ಸೂಚನೆಯನ್ನೂ ಕೊಡದೆ ಒಮ್ಮೆಲೇ ಸತ್ತುಹೋಗುವುದೂ ಉಂಟು. ಹಾಗಾಗಿ ಆ ಪ್ಯಾಕ್‌ನ ದುಡ್ಡನ್ನು ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ. ದಿನಾ ಸಂಜೆ ಕಾಪಿ ಮಾಡಿ, ಡಿಸ್ಕ್ ಬಿಚ್ಚಿ ಮನೆಗೆ ಒಯ್ಯಿರಿ.

ಡಿಟಿಪಿ ಅಕ್ಕ, ತಿಪಟೂರು

ತುಂಬಾ ಉಪಕಾರವಾಯ್ತು ತಮ್ಮ. ಪ್ಯಾಕ್ ಬೇಡ ಅಂದುಬಿಟ್ಟೆ. ನೀವು ಹೇಳಿದ್ದನ್ನು ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಾಕಿ ನೋಡಿದೆ. ಹಳದಿ ತೋರಿಸುತ್ತಿದೆ. ಸಿ5, ಕರೆಂಟ್ ಪೆಂಡಿಂಗ್ ಸೆಕ್ಟರ್ ಅನ್ನುವ ಸಾಲಿನಲ್ಲಿ ಕೊನೆಗೆ 1ಸಿ ಅಂತಿದೆ. ಹಳೆಯ ಕಾರ್ಡ್‌ಗಳ ಫೈಲ್ ಎಲ್ಲ ಇನ್ನೂ ಅದರಲ್ಲೇ ಇವೆ. ಚೆಕ್ ಡಿಸ್ಕ್ ಹಾಕಲಾ?

ರಿಪೇರಿ ಟೇಬಲ್, ಹಾಸನ

ಈಗಲೇ ಬೇಡ ಅಕ್ಕ! ಆ ಅಂಕಿ ಹೆಕ್ಸ್‌ನಲ್ಲಿದೆ, ಅಂದರೆ ಹದಿನಾರರ ಲೆಕ್ಕದಲ್ಲಿ, ನಮ್ಮ ಲೆಕ್ಕದಲ್ಲಿ 28. ಅಷ್ಟು ಸೆಕ್ಟರ್, ಅಂದರೆ ಡಿಸ್ಕಿನ ಚಿಕ್ಕ ಚಿಕ್ಕ ಜಾಗಗಳನ್ನು, ಓದಲು ಡಿಸ್ಕ್ ಒದ್ದಾಡುತ್ತಿದೆ ಅಂತ. ಸ್ಲ್ಯಾಶ್ ಆರ್ (/r) ಆಯ್ಕೆ ಕೊಟ್ಟು ಚೆಕ್ ಡಿಸ್ಕ್ ಹಾಕಿದರೆ ಮೂಲೆಮೂಲೆ ಓದಿಸಿ, ಇರುವ ಜೀವವನ್ನೂ ಹಿಂಡುತ್ತದೆ. ಡಿಫ್ರಾಗ್ ಅಂತೂ ಮುಟ್ಟಲೇಬೇಡಿ. ಮೊದಲು ಕಾಪಿ. ತೀರಾ ಬೇಕಾದ ಫೋಲ್ಡರ್ ಮೊದಲು, ಉಳಿದದ್ದು ಆಮೇಲೆ. ಯಾವುದಾದರೂ ಫೈಲ್ ಹತ್ತಿರ ನಿಂತುಬಿಟ್ಟರೆ ಸ್ಕಿಪ್ ಮಾಡಿ ಮುಂದೆ ಹೋಗಿ. ಟಕ್ ಟಕ್ ಸದ್ದು ಬಂದರೆ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರಿಗೇ ಕೊಡಿ.

ಕೀಲಿ ಕಾಯುವವಳು

ಅಕ್ಕ, ಇನ್ನೊಂದು ವಿಷಯ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ, ಅಂದರೆ ಕೀಲಿ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುವ ಸಾಧ್ಯತೆ ಜಾಸ್ತಿ. ಮುಂದೆ ಮದರ್‌ಬೋರ್ಡ್ ಬದಲಾಯಿಸಿದರೆ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಡಿಸ್ಕ್ ಚೆನ್ನಾಗಿದ್ದರೂ ಫೈಲ್ ಸಿಗುವುದಿಲ್ಲ. ಖಾತೆಯಲ್ಲಿ ಕೀ ಇದೆಯಾ ನೋಡಿ, ಒಂದು ಪ್ರಿಂಟ್ ತೆಗೆದು ಮನೆಯ ಪತ್ರಗಳ ಜೊತೆ ಇಡಿ.

ಡಿಟಿಪಿ ಅಕ್ಕ, ತಿಪಟೂರು

ಕೀ ಸಿಕ್ಕಿತು, ಪ್ರಿಂಟ್ ಆಯ್ತು. ಹಳೆಯ ಡಿಸ್ಕ್‌ನಿಂದ ಕಾಪಿ ನಡೀತಿದೆ. ಎರಡು ಫೈಲ್ ಬರಲಿಲ್ಲ, ಉಳಿದವು ಬರುತ್ತಿವೆ.

ರಿಪೇರಿ ಟೇಬಲ್, ಹಾಸನ

ಒಳ್ಳೇದಾಯ್ತು. ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ನೋಡಿ, ಬರೀ ಹೆಸರು ಕಂಡರೆ ಸಾಲದು. ಆ ಎರಡು ಫೈಲ್ ಬೇಕೇಬೇಕು ಅಂದರೆ ಡಿಸ್ಕ್ ನನ್ನ ಹತ್ತಿರ ತನ್ನಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ಹಾಕಿ ಡಿಸ್ಕ್ ಪೂರ್ತಿ ಇಮೇಜ್, ಅಂದರೆ ಇದ್ದಹಾಗೇ ನಕಲು, ತೆಗೆದು ಪ್ರಯತ್ನ ಮಾಡೋಣ. ಅಲ್ಲಿಯವರೆಗೆ ಅದನ್ನು ಆನ್ ಮಾಡಬೇಡಿ.