ಪದಚರ್ಚೆ: ‘ಚಲಿಸುವ ಸರಾಸರಿ’ ಅಂದರೆ ಯಾವ ದಿನದ ಸರಾಸರಿ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮಕ್ಕಳಿಗಾಗಿ ಸೂರ್ಯನ ಕಲೆಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಕಲೆಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಸಿಕ್ಕಾಪಟ್ಟೆ ಏರಿಳಿಯುತ್ತದೆ. ಅದಕ್ಕೇ 13 ತಿಂಗಳ ಸರಾಸರಿ ತೆಗೆದು ಗೆರೆ ಎಳೆಯುತ್ತಾರೆ. ಆ ಗೆರೆಯ ಪ್ರಕಾರ 24ನೇ ಸೌರಚಕ್ರ (ಕಲೆಗಳು ಹೆಚ್ಚಿ ಮತ್ತೆ ಕಡಿಮೆಯಾಗುವ ಒಂದು ಸುತ್ತು) ಶಿಖರ ಮುಟ್ಟಿದ್ದು 2014ರ ಏಪ್ರಿಲ್‌ನಲ್ಲಿ.

ನನ್ನ ತೊಡಕು, ಹೀಗೆ ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತ ತೆಗೆಯುವ ಸರಾಸರಿಗೆ ಇರುವ ‘ಚಲಿಸುವ ಸರಾಸರಿ’ ಎಂಬ ಮಾತಿನದು. ಮಾತು ತಪ್ಪಲ್ಲ, ಷೇರುಪೇಟೆಯ ಬರಹಗಳಲ್ಲೂ ಓಡಾಡುತ್ತದೆ. ಆದರೆ ಬಂದ ಸರಾಸರಿಯನ್ನು ಯಾವ ದಿನದ ಎದುರು ಬರೆಯಬೇಕು ಅನ್ನೋದನ್ನು ಅದು ಹೇಳುವುದಿಲ್ಲ.

ಒಂಬತ್ತು ದಿನದ ಲೆಕ್ಕ ನೋಡಿ: 2, 2, 3, 4, 9, 4, 3, 2, 2. ಶಿಖರ 5ನೇ ದಿನ. ಆಯಾ ದಿನದ್ದನ್ನು ಹಿಂದಿನ ನಾಲ್ಕು ದಿನದ್ದಕ್ಕೆ ಕೂಡಿ 5ರಿಂದ ಭಾಗಿಸಿದರೆ, ಎಲ್ಲಕ್ಕಿಂತ ಜಾಸ್ತಿಯಾದ 4.6 ಬರುವುದು 7ನೇ ದಿನ. ಶಿಖರ ಎರಡು ದಿನ ಜಾರಿತು. ಅದೇ ಸರಾಸರಿಯನ್ನು ಐದರ ನಡುವಿನ ದಿನಕ್ಕೆ ಬರೆದರೆ ಶಿಖರ 5ರಲ್ಲೇ ನಿಲ್ಲುತ್ತದೆ.

ಷೇರಿನವರದು ಸಾಮಾನ್ಯವಾಗಿ ಮೊದಲಿನ ಬಗೆ. ನಾಳಿನ ಬೆಲೆ ಅವರಿಗೆ ಗೊತ್ತಿರುವುದಿಲ್ಲ ಅಲ್ವಾ? ಸೂರ್ಯನ ಕಲೆಗಳದು ಎರಡನೆಯದು: ಆ ತಿಂಗಳು, ಹಿಂದಿನ ಆರು, ಮುಂದಿನ ಆರು. ಎರಡೂ ತುದಿಯ ತಿಂಗಳುಗಳಿಗೆ ಅರ್ಧ ಲೆಕ್ಕ. ಹಾಗಾಗಿ ಈ ತಿಂಗಳ ಸರಾಸರಿ ಗೊತ್ತಾಗಲು ಇನ್ನೂ ಆರು ತಿಂಗಳು ಕಾಯಬೇಕು.

ಇವೆರಡಕ್ಕೆ ಬೇರೆ ಬೇರೆ ಹೆಸರು ಬೇಕೇ ಬೇಕು. ‘ಹಿಂದಿನ ಸರಾಸರಿ’ ಅಂದರೆ ಹಳೆಯದು ಅಂತಾಗುತ್ತದೆ. ‘ನಡು ಸರಾಸರಿ’ ಅಂದರೆ ಮಕ್ಕಳು ಮಧ್ಯಾಂಕ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವುದು) ಅಂದುಕೊಳ್ಳಬಹುದು. ‘ಹಿನ್ನೋಟದ ಸರಾಸರಿ’, ‘ಇಬ್ಬದಿ ಸರಾಸರಿ’ ಅಂತ ಇಟ್ಟುಕೊಂಡಿದ್ದೇನೆ. ‘ಇಬ್ಬದಿ’ ನನಗೆ ತುಂಬ ಹಿಡಿಸಿದೆ. ಕೇಳಿದ ಕೂಡಲೇ ಎರಡೂ ಕಡೆ ನೋಡಬೇಕು ಅಂತ ಗೊತ್ತಾಗುತ್ತದೆ.

ಇನ್ನೊಂದು, ಹೀಗೆ ಸರಾಸರಿ ತೆಗೆದು ಏರಿಳಿತ ತಗ್ಗಿಸುವುದಕ್ಕೆ ಹೇಳುವ ‘ನಯಗೊಳಿಸು’. ಬಡಗಿ ಕೀಸುಳಿ ಹಾಕಿದಾಗ ಉಬ್ಬು ಹೆರೆದು ಹೊರಗೆ ಬೀಳುತ್ತದೆ. ಸರಾಸರಿಯಲ್ಲಿ ಹಾಗೆ ಏನೂ ಹೊರಗೆ ಬೀಳುವುದಿಲ್ಲ, ಉಬ್ಬಿನದು ಪಕ್ಕದ ತಗ್ಗಿಗೆ ಹೋಗುತ್ತದೆ. ಇದು ಕೆಸರುಗದ್ದೆಗೆ ಹಲಗೆ ಹೊಡೆದು ಮಟ್ಟ ಮಾಡಿದ ಹಾಗೆ. ಒಂದೇ ಕಡೆಗೆ ಎಳೆದರೆ ಮಣ್ಣೂ ಅತ್ತ ಸರಿಯುತ್ತದೆ, ಹಿನ್ನೋಟದ ಸರಾಸರಿಯಲ್ಲಿ ಶಿಖರ ಸರಿಯುವುದೂ ಹೀಗೇ. ಅದಕ್ಕೆ ‘ಸಮ ಮಾಡು’ ಅನ್ನುವುದೇ ಸರಿ ಅನ್ನಿಸುತ್ತದೆ.

ಆದರೆ ಸಮ ಮಾಡಿದಾಗ 9 ಇದ್ದದ್ದು 4.6ಕ್ಕೆ ಕುಸಿಯಿತು. ಇದಕ್ಕೆ ಸವಿಟ್ಸ್ಕಿ ಮತ್ತು ಗೋಲೆ ಎಂಬ ವಿಜ್ಞಾನಿಗಳು 1964ರಲ್ಲಿ ವಿವರಿಸಿದ ದಾರಿಯೊಂದಿದೆ. ಆ ದಿನದ್ದು, ಹಿಂದಿನ ಎರಡು, ಮುಂದಿನ ಎರಡು, ಹೀಗೆ ಐದು ಅಂಕಿಗಳನ್ನು ಸಾಲಾಗಿ -3, 12, 17, 12, -3ರಿಂದ ಗುಣಿಸಿ, ಕೂಡಿ, 35ರಿಂದ ಭಾಗಿಸಬೇಕು. ಆಗ 5ನೇ ದಿನಕ್ಕೆ 6.6 ಬರುತ್ತದೆ. ಶಿಖರ ಜಾರುವುದಿಲ್ಲ, ಕುಸಿತವೂ ಕಡಿಮೆ. ಇದನ್ನು ‘ಸಮ ಮಾಡು’ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಬೇರೆ ಮಾತು ಹೊಳೆದರೆ ತಿಳಿಸಿ. ಹಾಗೆಯೇ ಗದ್ದೆ ಕೆಲಸ ಬಲ್ಲವರು ಹೇಳಿ, ಹಲಗೆಯ ಮುಂದೆ ಗುಡ್ಡೆಯಾಗಿ ಸರಿಯುವ ಕೆಸರಿಗೆ ನಿಮ್ಮ ಕಡೆ ಏನನ್ನುತ್ತಾರೆ?